ಕಳೆಯದೆ ಬಿಟ್ಟ ಅಂಕಗಳು

ತಲೆಯ ಮೇಲಿನ ಪೇಟವನ್ನು ತೆಗೆಯಬೇಕೋ ಇಟ್ಟುಕೊಂಡೇ ಇರಬೇಕೋ ಎಂದು ಮುನಿರಾಜುವಿಗೆ ತಿಳಿಯಲಿಲ್ಲ. ಸಮಾರಂಭ ಮುಗಿದು ಮಕ್ಕಳೆಲ್ಲ ಚಿತ್ರಾನ್ನದ ತಟ್ಟೆ ಹಿಡಿದು ಮೆಟ್ಟಿಲುಗಳ ಮೇಲೆ ಕೂತಾಗಿತ್ತು, ಬ್ಯಾನರು ಬಿಚ್ಚುವವರು ಏಣಿ ತಂದಾಗಿತ್ತು. ಅವನು ಮಾತ್ರ ಕೋಚಿಂಗ್ ಸೆಂಟರಿನ ಮುಖ್ಯಸ್ಥ ಗದಿಗೆಪ್ಪನವರ ಕೋಣೆಯಲ್ಲಿ, ಏಸಿಯ ಎದುರು, ಮೈಸೂರು ಪೇಟ, ಗಂಧದ ಹಾರ, ತೊಡೆಯ ಮೇಲೊಂದು ಹಣ್ಣಿನ ಬುಟ್ಟಿ ಸಮೇತ ಮದುವಣಿಗನ ಹಾಗೆ ಕೂತಿದ್ದ. ಕಟ್ಟಡ ಅವನದು. ಕೆಳಗೆ ಬೇಕರಿ, ಮೆಡಿಕಲ್ ಸ್ಟೋರು, ಮೊದಲೆರಡು ಮಹಡಿಯಲ್ಲಿ ನೀಟ್ ಕೋಚಿಂಗು, ಅದರ ಮೇಲೆ ಹುಡುಗಿಯರ ಪೀಜಿ. ಸಿಂಗಸಂದ್ರದಲ್ಲಿ ಅವನ ಮನೆತನದವರು ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಎದ್ದ ಕಟ್ಟಡ. ವರ್ಷಕ್ಕೊಮ್ಮೆ ಅವನನ್ನು ಮುಖ್ಯ ಅತಿಥಿಯೆಂದು ಕರೆದು ದೀಪ ಹಚ್ಚಿಸುವುದು ಗದಿಗೆಪ್ಪನವರು ನಡೆಸಿಕೊಂಡು ಬಂದ ಪದ್ಧತಿ. ಈ ಸಲ ಬಹುಮಾನಗಳನ್ನೂ ಅವನ ಕೈಯಿಂದಲೇ ಕೊಡಿಸಿದ್ದರು. ವಿಜ್ಞಾನ ವಿಷಯಗಳಲ್ಲಿ ಅತಿ ಹೆಚ್ಚು ಸುಧಾರಣೆ ತೋರಿಸಿದ ವಿದ್ಯಾರ್ಥಿನಿ ಎಂದು ಮೈಕಿನಲ್ಲಿ ಕೂಗಿ, ಸ್ವಲ್ಪ ತಡೆದು, ಹೆಸರು ಹೇಳಿದಾಗ ಎದ್ದು ಬಂದವಳು ಅವನ ಮಗಳು ವೇಣಿ. ಭೌತಶಾಸ್ತ್ರವೊಂದರಲ್ಲೇ ನೂರಾ ಎಂಬತ್ತಕ್ಕೆ ನೂರಾ ಇಪ್ಪತ್ನಾಲ್ಕು. ಟ್ರೋಫಿ ತೆಗೆದುಕೊಳ್ಳುವಾಗ ಅವಳು ಅಪ್ಪನ ಮುಖ ನೋಡಲಿಲ್ಲ, ನಾಚಿಕೆ ಇರಬೇಕು ಅಂದುಕೊಂಡ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಟ್ಟಿದರು. ಅವನಿಗೆ ಕಣ್ಣು ಒದ್ದೆಯಾಗಿತ್ತು.

ಗದಿಗೆಪ್ಪನವರು ಗದಗಿನ ಕಡೆಯವರು, ಭೌತಶಾಸ್ತ್ರದ ಮೇಷ್ಟ್ರು. ಎಷ್ಟೋ ವರ್ಷ ಮಾರತ್ತಹಳ್ಳಿಯಲ್ಲಿ ಯಾರದೋ ಕೋಚಿಂಗಿನಲ್ಲಿ ಪಾಠ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡು, ಈಗ ಇಲ್ಲಿ ಸ್ವಂತದ್ದು ಶುರುಮಾಡಿದ್ದರು. ತಾವೇ ಕಾಫಿ ತಂದು ಮೇಜಿನ ಮೇಲಿಟ್ಟರು. ತಾವು ಕೂರಲಿಲ್ಲ. ಮುನಿರಾಜುವಿನ ಎದುರು ಅವರು ಕೂತದ್ದನ್ನು ಅವನು ನೋಡೇ ಇರಲಿಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ವೇಣಿ ಬಂದಾಗ ಹೇಗಿದ್ದಳು, ಈಗ ಹೇಗಾಗಿದ್ದಾಳೆ ಎಂದು ಹೇಳುತ್ತ ಹೇಳುತ್ತ, ಮನೆಯವರ ಹತ್ತಿರ ಗುಟ್ಟು ಹೇಳುವವರಂತೆ ಬಗ್ಗಿ ದನಿ ತಗ್ಗಿಸಿದರು.

"ಅವತ್ತು ನೀವು ಒಂದ ಮಾತು ಹೇಳಿದ್ರಿ ನೋಡ್ರಿ ಸರ್, ಈ ಮೈನಸ್ ಯಾಕ ಅಂತ. ಅವತ್ತಿನಿಂದ ವೇಣಿ ಅವರಿಗೆ ನಾವು ಮೈನಸ್ ಕಳಿಯೂದನ್ನ ಬಿಟ್ಟಬಿಟ್ವಿ. ಮ್ಯಾಲೆ ಒಂದಷ್ಟು ನಾವೂ ಸೇರಸ್ತೀವ್ರಿ, ಪ್ರೋತ್ಸಾಹಕ್ಕ. ಈಗ ಹುಡುಗಿ ಮುಖದಾಗ ಕಳೆ ನೋಡ್ರಿ!"

"ಒಳ್ಳೇದಾಯ್ತು ಬುಡಿ ಸಾರ್. ನಿಮ್ಮಿಂದ ದೊಡ್ ಉಪ್ಕಾರ ಆಯ್ತು," ಎಂದ ಮುನಿರಾಜು. ನಿಜವಾಗಿಯೂ ಹಾಗೇ ಅಂದ, ನಗುತ್ತಲೇ ಅಂದ.

"ಮುಂದಿನ ತಿಂಗಳು ಬಾಡಿಗಿ ಅಗ್ರಿಮೆಂಟ್ ಮುಗೀತೈತ್ರಿ. ಅದೊಂದು ನಿಮ್ಮ ಮನಸ್ಸಿನ್ಯಾಗ ಇರ್ಲಿ."

"ಅದಕ್ಯಾಕೆ ತಲೆ ಕೆಡಿಸ್ಕೊತೀರ ಸಾರ್?" ಎಂದು ಕಾಫಿ ಮುಗಿಸಿ, ಬುಟ್ಟಿ ಎತ್ತಿಕೊಂಡು ಎದ್ದ.

ಅರ್ಥವಾದದ್ದು ಮೆಟ್ಟಿಲಿನ ತಿರುವಿನಲ್ಲಿ. ಅದೂ ಒಮ್ಮೆಗೇ ಅಲ್ಲ. ಗದಿಗೆಪ್ಪನವರ ಮಾತು ಒಂದೊಂದಾಗಿ ತಿರುಗಿ ಬಂತು. ಕಳಿಯೂದನ್ನ ಬಿಟ್ಟಬಿಟ್ವಿ. ಮ್ಯಾಲೆ ಸೇರಸ್ತೀವ್ರಿ. ಗೋಡೆಗೆ ಕೈಕೊಟ್ಟು ನಿಂತ. ಅವತ್ತು, ದೀಪಾವಳಿ ಮುಗಿದ ಮರುವಾರ, ಜನರೇಟರ್ ಕೋಣೆಯ ಬೀಗ ತೆಗೆಸಲು ಬಂದಿದ್ದ. ಮನೆಯಲ್ಲಿ ವೇಣಿ ಊಟ ಬಿಟ್ಟು ಮಲಗಿದ್ದಳು. ಪಿಯುಸಿ ಮುಗಿದ ಮೇಲೆ ಬರೆದ ನೀಟ್ ಕೈಕೊಟ್ಟು, ಇನ್ನೊಂದು ವರ್ಷ ಕೂತು ಓದುವವರ ಲಾಂಗ್ ಟರ್ಮ್ ಬ್ಯಾಚಿಗೆ ಸೇರಿದ್ದಳು. ವಾರದ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಮೈನಸ್ ಐದು ಬಂದಿತ್ತು. ಸರಿಯುತ್ತರಕ್ಕೆ ನಾಲ್ಕು ಕೊಡುತ್ತಾರೆ, ತಪ್ಪಾದರೆ ಒಂದು ಕಿತ್ತುಕೊಳ್ಳುತ್ತಾರೆ ಎಂದು ಹೆಂಡತಿ ಆಶಾರಾಣಿ ವಿವರಿಸಿದ್ದಳು. ಆದರೂ ಸೊನ್ನೆಗಿಂತ ಕಡಿಮೆ ಅಂಕವೆನ್ನುವುದು ಅವನ ತಲೆಗೆ ಹತ್ತಿರಲಿಲ್ಲ. ಕಾರಿಡಾರಿನಲ್ಲಿ ಗದಿಗೆಪ್ಪನವರು ಸಿಕ್ಕಾಗ ಆ ಸಿಟ್ಟೇ ಬಾಯಿಗೆ ಬಂತು. "ಏನ್ ಸಾರ್ ಇದು? ಬರೀದೆ ಕುಂತೋರಿಗೆ ಸೊನ್ನೆ, ಬರ್ದೋಳಿಗೆ ಸೊನ್ನೆಗಿಂತ ಕಮ್ಮಿನಾ? ಮಗು ಅನ್ನ ಬುಟ್ಟವ್ಳೆ. ಈ ಮೈನಸ್ಸೆಲ್ಲಾ ಯಾಕ್ ಮಡೀಕೊಂಡಿದ್ದೀರ?" ಅಷ್ಟೇ ಅಂದದ್ದು. ಅಷ್ಟೇ ಏನು? ಕೈಯಲ್ಲಿ ಬೀಗದ ಕೈಯ ಗೊಂಚಲಿತ್ತು. ಹಿಂದೆ ಪ್ಲಂಬರು, ವಾಚ್‌ಮನ್ನು ನಿಂತಿದ್ದರು. ಗದಿಗೆಪ್ಪನವರು ಕೈಕಟ್ಟಿಕೊಂಡು ಕೇಳಿ, ನೋಡ್ತೀವಿ ಸರ್ ಅಂದಿದ್ದರು. ಬಾಡಿಗೆಯವರು ನೋಡ್ತೀವಿ ಅಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆ? ಪೀಜಿಯವರ ಹತ್ತಿರ ಬಟ್ಟೆ ಒಣಹಾಕೋದು ಚೆನ್ನಾಗಿ ಕಾಣಲ್ಲ ಕಣ್ರೀ ಎಂದು ಸುಮ್ಮನೆ ಅಂದರೆ ಮಾರನೆಯ ದಿನ ಹಗ್ಗವೇ ಇರುತ್ತಿರಲಿಲ್ಲ. ಅವನು ಯಾವತ್ತೂ ಯಾರಿಗೂ ಜೋರು ಮಾಡಿದವನಲ್ಲ. ಜೋರು ಮಾಡುವ ಅಗತ್ಯ ಬಿದ್ದಿರಲಿಲ್ಲ.

ಪೇಟವನ್ನು ಕೈಗೆ ತೆಗೆದುಕೊಂಡ. ಕೈಯಲ್ಲಿ ಹಿಡಿದರೆ ಅದು ತಲೆಯ ಮೇಲಿದ್ದಾಗಿನದಕ್ಕಿಂತಲೂ ಎದ್ದು ಕಾಣುತ್ತಿತ್ತು. ಹಣ್ಣಿನ ಬುಟ್ಟಿಯ ಮೇಲಿಟ್ಟ, ಜಾರಿತು, ಕಂಕುಳಿಗೆ ಸಿಕ್ಕಿಸಿದ. ಕೆಳಗಿನ ಮೆಟ್ಟಿಲುಗಳ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು, ಅವನಿಗೆ ದಾರಿಬಿಡಲು ತಟ್ಟೆ ಎತ್ತಿ ಕಾಲು ಮಡಿಚಿದರು. ಅವರಲ್ಲಿ ಎರಡನೆಯ ಬಹುಮಾನ ತೆಗೆದುಕೊಂಡ ದಾನೇಶ್ವರಿಯೂ ಇದ್ದಳು. ಮೇಲಿನ ಪೀಜಿಯಲ್ಲೇ ಇರುವವಳು, ಅವನು ಅವಳಿಗೆ ಕೊಟ್ಟದ್ದು ಒಂದು ಪೆನ್ ಸ್ಟ್ಯಾಂಡು. "ಅಂಕಲ್, ಪೇಟ ನಿಮಗ ಭಾಳ ಒಪ್ತಿತ್ತ್ರಿ. ಯಾಕ ತಗದ್ರಿ?" ಅಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅರ್ಧ ಗಂಟೆಯ ಹಿಂದಾಗಿದ್ದರೆ ಅವನೂ ನಗುತ್ತಿದ್ದ, ಮಕ್ಕಳು ತಮಾಷೆ ಮಾಡುತ್ತವೆ ಅಂದುಕೊಂಡು ಕೆನ್ನೆ ಸವರುತ್ತಿದ್ದ. ಈಗ ಅವಳ ಕಣ್ಣನ್ನು ನೋಡಲಾಗಲಿಲ್ಲ. "ಊಟ ಮಾಡ್ರಮ್ಮ, ಊಟ ಮಾಡ್ರಿ," ಎಂದು ಗೊಣಗಿ ಇಳಿದ. ಆ ಚಪ್ಪಾಳೆ ಮತ್ತೆ ಕಿವಿಯಲ್ಲಿ ಕೇಳಿಸಿತು. ಅಷ್ಟು ಹೊತ್ತು ಅವರು ತಟ್ಟಿದ್ದು ಅಣಕಿಸಲೆಂದು ಈಗ ತಿಳಿಯಿತು.

ಮೆಟ್ರೋ ಕಂಬಗಳ ನೆರಳು ಹಿಡಿದು ನಡೆದ. ಮನೆ ಹತ್ತು ಹೆಜ್ಜೆ ದೂರವಿದ್ದರೂ ಸುತ್ತು ಹಾಕಿಕೊಂಡು ಹೊರಟ. ಭಾನುವಾರವಾದ್ದರಿಂದ ಹೊಸೂರು ರಸ್ತೆಯಲ್ಲಿ ಕಂಪನಿ ಬಸ್ಸುಗಳಿರಲಿಲ್ಲ. ಬೇಕರಿಯವನು, ಇಸ್ತ್ರಿಯವನು, ಎಳನೀರಿನವನು, ಎಲ್ಲರೂ ಹಾರ ಕಂಡು ಕೈಮುಗಿದರು. ಹಾರವನ್ನು ತೆಗೆಯುವುದೇ ಮರೆತಿದ್ದ. ಚಿಕ್ಕಂದಿನಲ್ಲಿ ಹಾಲಿನ ಚೊಂಬು ಕೈಯಲ್ಲಿದ್ದಾಗಲೂ ದಾರಿಯವರು ಹೀಗೆಯೇ ನೋಡುತ್ತಿದ್ದರು. ಅವನ ಅಪ್ಪ ಚಿನ್ನಪ್ಪ ಪಂಚಾಯ್ತಿ ಮೆಂಬರು. ಹೆಡ್‌ಮಾಸ್ತರರ ಮನೆಗೆ ದಿನಾ ಬೆಳಿಗ್ಗೆ ಹಾಲು ಹೋಗುತ್ತಿತ್ತು. ಹೊತ್ತುಕೊಂಡು ಹೋಗುತ್ತಿದ್ದವನು ಮುನಿರಾಜು. ಚೊಂಬು ಕೊಟ್ಟು ಅದೇ ಮಾಸ್ತರರ ತರಗತಿಗೆ ಹೋಗಿ ಕೂರುತ್ತಿದ್ದ. ಪ್ರತಿ ವರ್ಷ ಪಾಸು. ಲೆಕ್ಕ ಬಾರದಿದ್ದರೂ ಪಾಸು, ವಿಜ್ಞಾನದಲ್ಲಿ ಹೂವಿನ ಚಿತ್ರ ಬಿಟ್ಟು ಬೇರೇನೂ ಬರೆಯದಿದ್ದರೂ ಪಾಸು. ಪಬ್ಲಿಕ್ ಪರೀಕ್ಷೆ ಆನೇಕಲ್ಲಿನಲ್ಲಿ ನಡೆಯಿತು. ಉತ್ತರಪತ್ರಿಕೆ ಎಲ್ಲಿಗೆ ಹೋಯಿತೋ, ಯಾರು ತಿದ್ದಿದರೋ, ಅವರಿಗೆ ಸಿಂಗಸಂದ್ರದ ಚಿನ್ನಪ್ಪ ಯಾರೆಂದು ತಿಳಿದಿರಲಿಲ್ಲ. ವಿಜ್ಞಾನಕ್ಕೆ ಬಂದದ್ದು ಒಂಬತ್ತು. ಅಪ್ಪ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಮಾಸ್ತರರು ಮಾತ್ರ ದಿನಾ ಬರುವ ಹಾಲಿನ ವರ್ತನೆ ನಿಲ್ಲುತ್ತದೇನೋ ಎಂದು ಹೆದರಿ ಮನೆಗೇ ಬಂದು ಜಗಲಿಯ ಮೇಲೆ ಕೂತಿದ್ದರು. ನೀಟ್ ಉತ್ತರಗಳನ್ನು ಮೆಷೀನು ತಿದ್ದುತ್ತದಂತೆ. ವೇಣಿಯ ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ.

ಮನೆಯ ಮುಂದೆ ಅವನ ತಾಯಿ ಅಂಜಿನಮ್ಮ ಪಕ್ಕದ ಮನೆಯ ಗೌರಮ್ಮನನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದಳು. ಆಶಾರಾಣಿ ಆಗಲೇ ಎಲ್ಲ ಗ್ರೂಪುಗಳಿಗೂ ಕಳಿಸಿಯಾಗಿತ್ತು. "ನೋಡೇ ಗೌರಿ, ನಮ್ ಮುನಿರಾಜನೇ ಕೊಟ್ಟಿರಾದು. ಅಪ್ಪನ ಕೈಲಿ ಮಗ್ಳು ಈಸ್ಕೊಳಾದು ಅಂದ್ರೆ ಸುಮ್ನೆ ಆಯ್ತದಾ? ಇನ್ನೇನು, ಡಾಕ್ಟ್ರಮ್ಮ ಅನ್ನಾದೇಯ," ಎಂದು ಮುದುಕಿ ಹಿಗ್ಗಿ ಹೋಗಿದ್ದಳು. ಗೌರಮ್ಮ ತನ್ನ ಮಂಡಿ ನೋವಿಗೆ ವೇಣಿಯ ಹತ್ತಿರವೇ ಬರುತ್ತೇನೆ ಎಂದಳು. ಮುನಿರಾಜು ಹಾರ ತೆಗೆದು ಗೋಡೆಯ ಗಿಳಿಗೂಟಕ್ಕೆ ಹಾಕಿದ. ಟ್ರೋಫಿ ಆಗಲೇ ಶೋಕೇಸಿನೊಳಗೆ, ತಿರುಪತಿಯ ಫೋಟೋದ ಪಕ್ಕದಲ್ಲಿ ಕೂತಿತ್ತು.

ಊಟಕ್ಕೆ ಕೂತು ಮುದ್ದೆ ಮುರಿದ. ವೇಣಿ ಆಗಲೇ ಉಂಡು ಮೇಲೆ ಹೋಗಿದ್ದಳು. ತಾರಸಿಯ ಮೇಲೆ ನೀರಿನ ಟ್ಯಾಂಕುಗಳ ಪಕ್ಕ ಅವಳಿಗೆಂದೇ ಒಂದು ಕೋಣೆ ಕಟ್ಟಿಸಿದ್ದ. "ನೀವು ಸುಮ್ನೆ ಎದ್ರುಕೊಂಡಿದ್ರಿ. ಮೊದ್ಲೇ ಇವ್ಳನ್ನ ಗದಿಗೆಪ್ಪನೋರತ್ರ ಆಕಿದ್ರೆ ಒಂದ್ ವರ್ಸ ಉಳೀತಿತ್ತು," ಎಂದಳು ಆಶಾರಾಣಿ, ಸಾರು ಬಡಿಸುತ್ತ. ಅವನು ಹೂಂ ಅಂದ. ಇವಳಿಗೆ ಹೇಳಲೇ ಅಂದುಕೊಂಡ. ಹೇಳಿದರೆ ಇವಳು ಈಗಲೇ ಸೆರಗು ಸಿಕ್ಕಿಸಿಕೊಂಡು ಹೋಗಿ ಗದಿಗೆಪ್ಪನವರ ಮರ್ಯಾದೆ ತೆಗೆಯುತ್ತಾಳೆ. ಆಗ ಅವರು, ನಿಮ್ಮ ಯಜಮಾನ್ರೇ ಹೇಳಿದ್ರಲ್ರೀ ಅನ್ನುತ್ತಾರೆ. ಅವರು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಹೋಗಿ ಮಲಗಿದ. ಫ್ಯಾನು ತಿರುಗುತ್ತಿತ್ತು. ಹೇಳದಿದ್ದರೆ ಏನಾಗುತ್ತದೆ? ಹುಡುಗಿ ನಗುನಗುತ್ತ ಹೋಗಿ ಪರೀಕ್ಷೆ ಬರೆಯುತ್ತಾಳೆ, ತನಗೆ ಗೊತ್ತಿದೆ ಎಂದುಕೊಂಡು ಎಲ್ಲ ಪ್ರಶ್ನೆಗೂ ಉತ್ತರದ ಹಾಳೆಯಲ್ಲಿ ಪೆನ್ನಿನಿಂದ ಗುಂಡು ತುಂಬುತ್ತಾಳೆ, ಮೆಷೀನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಹೇಳಿದರೆ? ಇವತ್ತೇ ಕುಸಿದು ಬೀಳುತ್ತಾಳೆ. ಅಷ್ಟೂ ಜನರೆದುರು ಟ್ರೋಫಿ ಹಿಡಿದು ನಿಂತವಳು. ಅದನ್ನು ಕೊಟ್ಟವನೇ ಬಂದು ಅದು ಸುಳ್ಳು ಕಣಮ್ಮ ಅನ್ನಬೇಕು. ಪರೀಕ್ಷೆ ಮುಗಿಯುವ ತನಕ ಸುಮ್ಮನಿದ್ದುಬಿಟ್ಟರೆ, ಪೇಪರ್ ಕಷ್ಟ ಇತ್ತು ಎಂದು ಊರೆಲ್ಲ ತಾನೇ ಹೇಳಿಕೊಳ್ಳುತ್ತದೆ, ತನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಈ ಯೋಚನೆ ಬಂದಾಗ ಒಂದು ಕ್ಷಣ ಮೈ ಹಗುರವಾಯಿತು. ಹಗುರವಾದದ್ದು ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗೋಡೆಯ ಕಡೆ ತಿರುಗಿ ಮಲಗಿದ. ಈ ಕೆಲವು ತಿಂಗಳಲ್ಲಿ ಪ್ರತಿ ವಾರ ಅಂಕದ ಮೆಸೇಜು ಬಂದಾಗ, ಒಳಗೆಲ್ಲೋ ಒಂದು ಮೂಲೆಯಲ್ಲಿ, ಇಷ್ಟು ಬೇಗ ಹೇಗೆ ಎಂದು ಅನ್ನಿಸಿರಲಿಲ್ಲವೆ? ಅನ್ನಿಸಿತ್ತು. ಅನ್ನಿಸಿದ್ದನ್ನು ಅವನು ಮುಂದುವರಿಯಲು ಬಿಟ್ಟಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ, ಟ್ಯಾಂಕಿನಲ್ಲಿ ನೀರೆಷ್ಟಿದೆ ನೋಡಿ ಬರುತ್ತೇನೆ ಎಂದು ಹೇಳಿ ತಾರಸಿ ಹತ್ತಿದ. ಕೋಣೆಯ ಬಾಗಿಲು ತೆರೆದೇ ಇತ್ತು. ವೇಣಿ ಕುರ್ಚಿಯ ಮೇಲೆ ಒಂದು ಕಾಲು ಮಡಿಚಿ ಕೂತು, ಕೂದಲಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಇನ್ನೊಂದು ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದಳು. ಗೋಡೆಯ ತುಂಬ ಸೂತ್ರಗಳ ಚೀಟಿಗಳು. ಅವನು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ, ಮುಚ್ಚಿದ, ಮತ್ತೆ ತೆಗೆದು ನೋಡಿದ.

"ಏನಪ್ಪ, ಟ್ಯಾಂಕರ್ ಬಂದಿಲ್ವಾ?"

"ಬಂದೈತೆ, ಬಂದೈತೆ." ಬಾಗಿಲಲ್ಲಿ ಬಂದು ನಿಂತ. ಒಳಗೆ ಹೋಗಿ ಕೂರಲು ಇನ್ನೊಂದು ಕುರ್ಚಿಯಿರಲಿಲ್ಲ, ಹಾಸಿಗೆಯ ಅಂಚಿನಲ್ಲಿ ಕೂತ. ಏನು ಹೇಳಬೇಕೆಂದು ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡದ್ದೆಲ್ಲ ಹೊರಟುಹೋಗಿತ್ತು. "ವೇಣಿ, ಗದಿಗೆಪ್ಪನೋರು ಇವತ್ತೊಂದ್ ಮಾತು ಅಂದ್ರು ಕಣಮ್ಮ. ನಿನ್ ಮಾರ್ಕ್ಸ್ ವಿಚಾರ."

ಪೆನ್ಸಿಲು ನಿಂತಿತು. ಅವಳು ತಿರುಗಲಿಲ್ಲ.

"ಮೈನಸ್ ಕಳೀತಿಲ್ವಂತೆ. ನಿಂಗೆ ಮಾತ್ರ. ಮೇಲೊಂದಷ್ಟು ಸೇರ್ಸ್ತಾರಂತೆ," ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಹೇಳಿದ ಮೇಲೆ ಅಳುತ್ತಾಳೆಂದು ಕಾದ. ಎದ್ದು ಹಿಡಿದುಕೊಳ್ಳಬೇಕಾಗಬಹುದೆಂದು ಕಾಲನ್ನು ನೆಲಕ್ಕೆ ಊರಿಕೊಂಡ.

"ಗೊತ್ತಪ್ಪ," ಎಂದಳು ವೇಣಿ.

"ಏನ್ ಗೊತ್ತು?"

"ಮೊದಲ್ನೇ ವಾರಾನೇ ಗೊತ್ತಾಯ್ತು. ಕೀ ಆನ್ಸರ್ ಹಾಕ್ತಾರಲ್ಲ, ನಾನೇ ಕೂಡಿಸಿ ಕಳೆದು ನೋಡ್ಕೋತೀನಿ. ಕ್ಲಾಸಲ್ಲಿ ಎಲ್ಲಾರಿಗೂ ಗೊತ್ತು." ಈಗ ತಿರುಗಿದಳು. ಮುಖದಲ್ಲಿ ಅಳುವಿರಲಿಲ್ಲ. ಬಹಳ ದಿನ ಒಂದೇ ಕಡೆ ಭಾರ ಹೊತ್ತವರ ದಣಿವಿತ್ತು.

"ಗೊತ್ತಿದ್ದೂ ಯಾಕಮ್ಮ ಸುಮ್ಕಿದ್ದೆ? ನಂಗೊಂದ್ ಮಾತು ಹೇಳಬಾರ್ದಾ?"

ವೇಣಿ ಪೆನ್ಸಿಲಿನ ತುದಿಯನ್ನು ಬೆರಳಿಗೆ ಒತ್ತಿಕೊಂಡಳು. "ನೀನೇ ಹೇಳ್ಸಿದೀಯ ಅಂದ್ಕೊಂಡಿದ್ದೆ. ನಂಗ್ ಗೊತ್ತು ಅಂತ ನಿಂಗೆ ಗೊತ್ತಾದ್ರೆ, ನಿಂಗೆ ಒಂಥರಾ ಆಗುತ್ತೆ ಅನ್ನಿಸ್ತು. ಮೆಸೇಜ್ ಬಂದಾಗೆಲ್ಲ ಎಷ್ಟ್ ಖುಷಿಯಾಗಿರ್ತಿದ್ದೆ ನೀನು."

ಮುನಿರಾಜುವಿಗೆ ವೇದಿಕೆ ನೆನಪಾಯಿತು. ಟ್ರೋಫಿ ತೆಗೆದುಕೊಳ್ಳುವಾಗ ಅವಳು ಮುಖ ನೋಡದಿದ್ದದ್ದು ನಾಚಿಕೆಗೇ ಸರಿ, ಆದರೆ ಅದು ಅವನ ಪರವಾಗಿ ಪಟ್ಟ ನಾಚಿಕೆ. ಇಷ್ಟು ದಿನ ಮಗಳು ಕ್ಲಾಸಿನವರ ನಗೆಯನ್ನೆಲ್ಲ ಒಬ್ಬಳೇ ನುಂಗಿ, ಮನೆಗೆ ಬಂದು ಅಪ್ಪನ ಮಾನ ಕಾಯುತ್ತಿದ್ದಳು. ನಾನು ಹೇಳ್ಸಿಲ್ಲ ಕಣಮ್ಮ, ದೇವರಾಣೆ, ಎನ್ನಲು ಹೊರಟ. ದೇವರಾಣೆ ಎನ್ನುವಲ್ಲಿಗೆ ಬಂದು ನಾಲಿಗೆ ಹಿಂಜರಿಯಿತು.

"ನಾನು ಹಿಂಗ್ ಮಾಡಿ ಅಂದಿಲ್ಲ," ಎಂದ ಕೊನೆಗೆ. "ಗೊಣಗಿದ್ದೆ. ಅವ್ರು ಎದುರ್ಕೊಂಡವ್ರೆ. ಎದುರ್ಕೊತಾರೆ ಅಂತ ನಂಗೆ ಗೊತ್ತಾಗ್ಬೇಕಿತ್ತು."

ನಂಬಿದಳೋ ಬಿಟ್ಟಳೋ ವೇಣಿಯ ಮುಖದಿಂದ ತಿಳಿಯಲಿಲ್ಲ. ಅವನು ಎದ್ದು ನಿಂತ. "ನಾಳೆ ಬೆಳಿಗ್ಗೇನೇ ಹೋಗಿ ಹೇಳ್ತೀನಿ. ಎಲ್ರಿಗೂ ಎಂಗೋ ನಿಂಗೂ ಅಂಗೇ ಕಳೀರಿ ಅಂತ ಕಟ್ಟುನಿಟ್ಟಾಗಿ—"

"ಬೇಡಪ್ಪ." ಅವಳು ಗಾಬರಿಯಿಂದ ಕೈ ಎತ್ತಿದಳು. "ನೀನೇನೂ ಹೇಳ್ಬೇಡ. ನೀನ್ ಏನಾದ್ರೂ ಹೇಳಿದ್ರೆ ಅದು ಇನ್ನೇನೋ ಆಗುತ್ತೆ. ಆಮೇಲೆ ಸರ್ ದಾನೇಶ್ವರಿ ಮೇಲೋ ಯಾರ ಮೇಲೋ ತೀರಿಸ್ಕೋತಾರೆ, ಇವ್ಳೇ ಚಾಡಿ ಹೇಳಿದ್ದು ಅಂತ. ನಾನೇ ಮಾತಾಡ್ತೀನಿ. ಟ್ರೋಫೀನೂ ನಾನೇ ಕೊಟ್ಟು ಬರ್ತೀನಿ, ಅದು ಅವ್ಳದ್ದು. ನೀನ್ ಮಾತ್ರ ಸುಮ್ನಿರು. ಪ್ಲೀಸ್."

ಅವನು ಮತ್ತೆ ಕೂತ. ಬದುಕಿನಲ್ಲಿ ಮೊದಲ ಸಲ ಯಾರೋ ಅವನಿಗೆ ಬಾಯಿ ಮುಚ್ಚಿಕೊಂಡಿರು ಎಂದು ಬೇಡಿಕೊಂಡಿದ್ದರು. ಬೇಡಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರದೋ ಗಾಡಿಯ ಹಾರ್ನು ಒಂದೇ ಸಮನೆ ಕೂಗಿ ನಿಂತಿತು. ಕೋಣೆಯೊಳಗೆ ಬೆಳಕು ಕಡಿಮೆಯಾಗಿತ್ತು, ವೇಣಿ ಟೇಬಲ್ ಲ್ಯಾಂಪು ಹಾಕಿದಳು. ಅವಳ ಎದುರಿನ ಹಾಳೆಯ ಮೇಲೆ ಒಂದು ಚಕ್ರ, ಅದಕ್ಕೆ ಸುತ್ತಿದ ದಾರ, ದಾರದ ತುದಿಗೆ ಒಂದು ತೂಕ. ಪಕ್ಕದಲ್ಲಿ ಮೂರು ಸಲ ಹೊಡೆದು ಹಾಕಿ ನಾಲ್ಕನೆಯ ಸಲ ಬರೆದ ಲೆಕ್ಕ. ಮುನಿರಾಜು ಅದನ್ನೇ ನೋಡುತ್ತ ಕೂತ. ಅದರ ತಲೆಬುಡ ಅವನಿಗೆ ಗೊತ್ತಾಗುವಂತಿರಲಿಲ್ಲ. ಆದರೆ ಆ ಹೊಡೆದು ಹಾಕಿದ ಗೆರೆಗಳು ಬಿರುಸಾಗಿದ್ದವು, ಹಾಳೆ ಅಲ್ಲಲ್ಲಿ ಹರಿದಿತ್ತು.

"ಹಂಗಾರೆ," ಎಂದ, ಕೇಳಲು ತನಗೆ ಹಕ್ಕಿದೆಯೋ ಇಲ್ಲವೋ ಎಂದು ಅಳುಕುತ್ತ, "ನಿಂದು ನಿಜವಾಗ್ಲೂ ಎಷ್ಟು ಬಂದೈತೆ?"

ವೇಣಿ ಅವನನ್ನು ದಿಟ್ಟಿಸಿದಳು. ಇಷ್ಟು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು.

"ಐವತ್ತೆರಡು," ಎಂದಳು. ಹೇಳುವಾಗ ದನಿ ಸಣ್ಣದಾಗಿತ್ತು, ಆಮೇಲೆ ಅವಳಿಗೇ ತಡೆಯಲಾಗಲಿಲ್ಲ. "ಮೊದ್ಲು ಸೊನ್ನೆಗಿಂತ ಕೆಳಗಿತ್ತಲ್ಲಪ್ಪ. ಆಮೇಲೆ ಹನ್ನೊಂದಾಯ್ತು. ಸಂಕ್ರಾಂತಿ ಆದ್ಮೇಲೆ ಮೂವತ್ತು. ಗೊತ್ತಿಲ್ದೇ ಇರೋದನ್ನ ಬಿಟ್ಬಿಡ್ತೀನಿ ಈಗ, ಸುಮ್ ಸುಮ್ನೆ ಗುಂಡು ತುಂಬಲ್ಲ. ಈ ಸಲ ಈ ತಿರುಗೋ ಚಕ್ರದ್ ಚಾಪ್ಟರಲ್ಲಿ ಒಂದೂ ತಪ್ಪಿಲ್ಲ. ಮೂವತ್ತು ಬಂದಾಗ ಎಷ್ಟ್ ಕುಣೀಬೇಕು ಅನ್ನಿಸ್ತು ಗೊತ್ತಾ? ಕೆಳಗ್ ಬಂದೆ ಹೇಳೋಣ ಅಂತ. ಅಷ್ಟ್ರಲ್ಲಿ ನೂರಾ ಎಂಟು ಅಂತ ಮೆಸೇಜ್ ಬಂದಿತ್ತು, ನೀನು ಕೇಕ್ ತರ್ಸಿದ್ದೆ."

ಆ ಕೇಕು ಅವನಿಗೆ ನೆನಪಿತ್ತು. ಎಲ್ಲರೂ ತಿಂದಿದ್ದರು, ವೇಣಿಯೂ ತಿಂದಿದ್ದಳು. ಮೂಗಿಗೆ ಕ್ರೀಮು ಹತ್ತಿಸಿಕೊಂಡು ಫೋಟೋಕ್ಕೂ ನಿಂತಿದ್ದಳು. ಮೂವತ್ತನ್ನು ಒಳಗೇ ಇಟ್ಟುಕೊಂಡು ನಿಂತಿದ್ದಳು. ಐವತ್ತೆರಡೆಂದರೆ ಸಂತೋಷಪಡಬೇಕಾದ ಅಂಕವೋ, ಅದಕ್ಕೆ ಎಲ್ಲಾದರೂ ಸೀಟು ಸಿಗುತ್ತದೋ, ಮುನಿರಾಜುವಿಗೆ ಒಂದೂ ತಿಳಿಯದು. ಮೇಜಿನ ಮೇಲಿನ ಹಾಳೆಯನ್ನು ಕೈಗೆ ತೆಗೆದುಕೊಂಡು, ಹರಿದ ಕಡೆ ಹೆಬ್ಬೆರಳಿನಿಂದ ಸವರಿದ.

"ಐವತ್ತೆರಡು ಪರವಾಗಿಲ್ವೇನಪ್ಪ?" ಎಂದು ಕೇಳಿದಳು ವೇಣಿ.